ಚಿತ್ರ ಬರೆದ ಗಣಿತಜ್ಞ ಪಿಯೆರೊ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಗೇ ಬಂದು ಕೇಳಿದರು. ಗಣಿತದ ಮೇಷ್ಟ್ರಾದ ನಾನು ಭಾಸ್ಕರಾಚಾರ್ಯರ ಬಗ್ಗೆಯೋ ರಾಮಾನುಜನ್ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಅವರಿಬ್ಬರ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯಹೊರಟಿರುವುದು ಐದು ಶತಮಾನಗಳ ಹಿಂದೆ ಇಟಲಿಯ ಒಂದು ಸಣ್ಣ ಊರಿನಲ್ಲಿ ಬಾಳಿದ ಚಿತ್ರಕಾರನ ಬಗ್ಗೆ. ಅದಕ್ಕೊಂದು ಕಾರಣವಿದೆ, ಆ ಕಾರಣದಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ.

ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಸಂಕ್ರಾಂತಿ ಕಳೆಯಿತೆಂದರೆ ಹತ್ತನೇ ತರಗತಿಯ ಡ್ರಾಯಿಂಗ್ ಪೀರಿಯಡ್ ನನ್ನ ಪಾಲಿಗೆ ಬರುತ್ತಿತ್ತು. ಬರುತ್ತಿತ್ತು ಎಂದರೆ ನಾನೇ ತೆಗೆದುಕೊಳ್ಳುತ್ತಿದ್ದೆ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿದೆ, ಮಕ್ಕಳಿಗೆ ಪ್ರಮೇಯಗಳು ಇನ್ನೂ ಬಾಯಿಗೆ ಬಂದಿಲ್ಲ, ಹೂಕುಂಡ ಬರೆದು ಯಾರು ಪಾಸಾಗಬೇಕು ಎಂಬುದು ನನ್ನ ವಾದ. ನಮ್ಮ ಡ್ರಾಯಿಂಗ್ ಮೇಷ್ಟ್ರು ನನಗಿಂತ ಹದಿನೈದು ವರ್ಷ ಹಿರಿಯರು. ಒಂದು ದಿನವೂ ಬೇಡವೆನ್ನಲಿಲ್ಲ. ಬಣ್ಣದ ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಸ್ಟಾಫ್ ರೂಮಿಗೆ ಹೋಗಿ ಕೂರುತ್ತಿದ್ದರು.

ಅವರ ಮೇಜಿನ ಗಾಜಿನ ಕೆಳಗೆ ಒಂದು ಕ್ರಿಸ್‌ಮಸ್ ಕಾರ್ಡು ಇತ್ತು. ಲಂಡನ್ನಿಗೆ ಹೋದ ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ್ದು. ಯೇಸುವಿನ ಜನನದ ಚಿತ್ರ. ಬಿಡುವಿನ ವೇಳೆಯಲ್ಲಿ ಅವರು ಅದರ ಮೇಲೆ ಅಡಿಕೋಲಿಟ್ಟು ಏನನ್ನೋ ಅಳೆಯುವುದನ್ನು ನೋಡಿದ್ದೆ. ಒಂದು ದಿನ ಕುತೂಹಲಕ್ಕೆ ಬಗ್ಗಿ ನೋಡಿದೆ. ಹಿಂದೆ ನಿಂತಿರುವ ಇಬ್ಬರು ಕುರಿ ಕಾಯುವವರ ಮುಖಗಳಲ್ಲಿ ಕಣ್ಣು ಮೂಗು ಸ್ಪಷ್ಟವಿಲ್ಲ, ಬರೀ ಕಂದು ಬಣ್ಣ. ಪರೀಕ್ಷೆಯಲ್ಲಿ ಗಂಟೆ ಹೊಡೆದಾಗ ಉತ್ತರ ಅರ್ಧಕ್ಕೇ ಬಿಟ್ಟ ಹುಡುಗನ ಹಾಗೆ ಈ ಚಿತ್ರಕಾರನೂ ಮುಗಿಸದೆ ಎದ್ದುಹೋಗಿದ್ದಾನೆ ಎಂದು ನಕ್ಕೆ. ಮೇಷ್ಟ್ರು ನಗಲಿಲ್ಲ. ಮಾಡಿನ ಮೇಲಿನ ಹಕ್ಕಿಯನ್ನು ಅಷ್ಟು ಶ್ರದ್ಧೆಯಿಂದ ಬರೆದವನು ಮನುಷ್ಯರ ಮುಖವನ್ನು ಹಾಗೇ ಬಿಡುವವನಲ್ಲ, ಇದು ಬಿಟ್ಟದ್ದಲ್ಲ, ಯಾರೋ ಅಳಿಸಿದ್ದು ಎಂದರು. ಅಳಿಸಿದ್ದಕ್ಕೂ ಬರೆಯದೆ ಬಿಟ್ಟದ್ದಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಲಿಲ್ಲ. ಗಂಟೆ ಹೊಡೆಯಿತು, ಅವರ ಪೀರಿಯಡ್ಡನ್ನು ತೆಗೆದುಕೊಳ್ಳಲು ಹೊರಟೆ.

ನಿವೃತ್ತಿಯ ದಿನ ಅವರು ಆ ಕಾರ್ಡನ್ನು ನನಗೆ ಕೊಟ್ಟುಹೋದರು. ಇವನು ನಿಮ್ಮ ಪೈಕಿಯವನು ಎಂದಷ್ಟೇ ಹೇಳಿದರು. ಕಾರ್ಡಿನ ಹಿಂಬದಿಯಲ್ಲಿ ಚಿತ್ರಕಾರನ ಹೆಸರಿತ್ತು: ಪಿಯೆರೊ ಡೆಲ್ಲ ಫ್ರಾಂಚೆಸ್ಕ. ನಾನೂ ನಿವೃತ್ತನಾಗಿ, ಮನೆಯಲ್ಲಿ ಕಾಲ ಕಳೆಯುವುದು ಕಷ್ಟವಾದ ಮೇಲೆ ಆ ಮಾತಿನ ಅರ್ಥವೇನೆಂದು ಹುಡುಕತೊಡಗಿದೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಟಲಿಯ ಟಸ್ಕನಿ ಪ್ರಾಂತ್ಯದ ಪೂರ್ವದ ಅಂಚಿನಲ್ಲಿ, ಟೈಬರ್ ನದಿ ಇನ್ನೂ ಚಿಕ್ಕದಾಗಿ ಹರಿಯುವ ಕಣಿವೆಯಲ್ಲಿ ಸಾನ್‌ಸೆಪೊಲ್ಕ್ರೊ ಎಂಬ ಊರಿದೆ. ಪಿಯೆರೊ ಹುಟ್ಟಿದ್ದು ಅಲ್ಲಿ, ಸುಮಾರು 1412ರಿಂದ 1420ರ ನಡುವೆ. ತಂದೆ ಬೆನೆಡೆಟ್ಟೊ ಚರ್ಮ ಮತ್ತು ಪಾದರಕ್ಷೆಯ ವ್ಯಾಪಾರಿ. ಬಟ್ಟೆಗೆ ನೀಲಿ ಹಾಕುವ ವೋಡ್ ಎಂಬ ಗಿಡದ ಬಣ್ಣದ ವ್ಯವಹಾರವೂ ಆ ಮನೆತನಕ್ಕಿತ್ತು. ನಮ್ಮ ನೀಲಿ ಗಿಡದಲ್ಲಿರುವ ಬಣ್ಣವೇ ಅದರಲ್ಲೂ ಇರುವುದು. ತಾಯಿ ರೊಮಾನ ಹತ್ತಿರದ ಮೊಂಟೆರ್ಕಿ ಎಂಬ ಹಳ್ಳಿಯವಳು. ತಂದೆ ಮೊದಲೇ ತೀರಿಕೊಂಡು ತಾಯಿಯೇ ಬೆಳೆಸಿದ್ದರಿಂದ ತಾಯಿಯ ಹೆಸರು ಅಂಟಿತೆಂದು ವಸಾರಿ ಎಂಬ ಹಳೆಯ ಜೀವನಚರಿತ್ರೆಕಾರ ಬರೆದ ಕಥೆ ಬಹಳ ಕಾಲ ಓಡಿತು. ಅದು ನಿಜವಲ್ಲ. ತಂದೆ 1464ರವರೆಗೂ ಬದುಕಿದ್ದರು.

ವ್ಯಾಪಾರಿಗಳ ಮಕ್ಕಳು ಆಗ ಅಲ್ಲಿ ಅಬಾಕೊ ಶಾಲೆಗೆ ಹೋಗುತ್ತಿದ್ದರು. ಹೆಸರು ಹೀಗಿದ್ದರೂ ಅಲ್ಲಿ ಮಣಿಚೌಕಟ್ಟು ಇರಲಿಲ್ಲ. ಭಾರತದಿಂದ ಅರಬ್ಬರ ಮೂಲಕ ಯುರೋಪಿಗೆ ಹೋದ ಅಂಕಿಗಳನ್ನು ಕಾಗದದ ಮೇಲೆ ಬರೆದು ಲೆಕ್ಕ ಮಾಡುವುದನ್ನು ಕಲಿಸುತ್ತಿದ್ದರು. ಅಲ್ಲಿನ ಮುಖ್ಯ ಪಾಠ ತ್ರೈರಾಶಿ. ಇಷ್ಟು ಗಜ ಬಟ್ಟೆಗೆ ಇಷ್ಟು ಬೆಲೆಯಾದರೆ ಅಷ್ಟು ಗಜಕ್ಕೆಷ್ಟು ಎಂಬ ಲೆಕ್ಕ. ಆರ್ಯಭಟ ಹೇಳಿದ, ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ವಿಸ್ತರಿಸಿದ ಅದೇ ತ್ರೈರಾಶಿಯನ್ನು ಟಸ್ಕನಿಯ ಹುಡುಗರು ಉರು ಹೊಡೆಯುತ್ತಿದ್ದರು. ಇದನ್ನು ಓದಿದ ದಿನ ಪಿಯೆರೊ ನನಗೆ ಸ್ವಲ್ಪ ಹತ್ತಿರದವನಾದ.

ಆದರೆ ಹುಡುಗ ಅಂಗಡಿಯಲ್ಲಿ ಕೂರಲಿಲ್ಲ. 1430ರ ದಶಕದಲ್ಲಿ ಅಂತೋನಿಯೊ ಎಂಬ ಸ್ಥಳೀಯ ಚಿತ್ರಕಾರನ ಕೈಕೆಳಗೆ ಕೆಲಸಕ್ಕೆ ಸೇರಿದ. 1439ರ ಸೆಪ್ಟೆಂಬರಿನಲ್ಲಿ ಅವನು ಫ್ಲಾರೆನ್ಸ್ ನಗರದಲ್ಲಿ ಡೊಮೆನಿಕೊ ವೆನೆಜಿಯಾನೊ ಎಂಬ ಹಿರಿಯನ ಜೊತೆ ಒಂದು ಚರ್ಚಿನ ಗೋಡೆಗೆ ಚಿತ್ರ ಬರೆಯುತ್ತಿದ್ದುದಕ್ಕೆ ದಾಖಲೆಯಿದೆ. ಆ ಗೋಡೆಚಿತ್ರಗಳು ಈಗಿಲ್ಲ. ಫ್ಲಾರೆನ್ಸ್ ಆಗ ಚಿತ್ರಕಾರರಿಗೆ ಕಾಶಿ ಇದ್ದ ಹಾಗೆ. ಸಮತಟ್ಟಾದ ಗೋಡೆಯ ಮೇಲೆ ಆಳವನ್ನು ತೋರಿಸುವ ಪರ್ಸ್‌ಪೆಕ್ಟಿವ್ ವಿದ್ಯೆ ಅಲ್ಲಿ ಹೊಸದಾಗಿ ಹುಟ್ಟಿತ್ತು. ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಲ್ಲ, ಅದನ್ನು ಅಳತೆಗೆ ತರುವ ವಿದ್ಯೆ. ಅಲ್ಲೇ ಉಳಿದಿದ್ದರೆ ಹೆಸರು ಹಣ ಎರಡೂ ಬೇಗ ಸಿಗುತ್ತಿತ್ತು. ಪಿಯೆರೊ ಊರಿಗೆ ಮರಳಿದ. ಮುಂದೆ ಎಲ್ಲೆಲ್ಲಿ ಕೆಲಸಕ್ಕೆ ಹೋದರೂ ಊರಿಗೆ ಬಂದು ಸೇರುವುದು ಅವನ ಅಭ್ಯಾಸವಾಯಿತು. 1442ರ ಹೊತ್ತಿಗೆ ಊರಿನ ಸಭೆಯ ಸದಸ್ಯತ್ವಕ್ಕೆ ಅರ್ಹರಾದವರ ಪಟ್ಟಿಯಲ್ಲಿ ಅವನ ಹೆಸರಿತ್ತು.

1445ರ ಜೂನ್ 11ರಂದು ಊರಿನ ಧರ್ಮಸಂಘವೊಂದು ಅವನ ಜೊತೆ ಒಪ್ಪಂದ ಮಾಡಿಕೊಂಡಿತು. ದೊಡ್ಡ ಪೂಜಾಪೀಠಕ್ಕೆ ಹಲಗೆಚಿತ್ರಗಳನ್ನು ಬರೆಯಬೇಕು, ಪಿಯೆರೊನ ಹೊರತು ಬೇರಾರೂ ಕುಂಚ ಹಿಡಿಯಕೂಡದು, ಮೂರು ವರ್ಷದಲ್ಲಿ ಮುಗಿಸಬೇಕು, 150 ಚಿನ್ನದ ಫ್ಲೋರಿನ್ ಸಂಭಾವನೆ. ಮುಗಿದದ್ದು ಹದಿನೈದು ವರ್ಷಕ್ಕೂ ಮೇಲಾಗಿ. ನಡುವೆ ಸಂಘದವರು ಬೇಸತ್ತು ತಾಕೀತು ಕಳಿಸಿದ್ದರು. ನಾನು ಆ ಸಂಘದ ಖಜಾಂಚಿಯಾಗಿದ್ದರೆ ಮುಂಗಡ ವಾಪಸು ಕೇಳುತ್ತಿದ್ದೆ. ಆದರೆ ಇವನ ನಿಧಾನ ಸೋಮಾರಿಯ ನಿಧಾನವಲ್ಲ. ಮಣ್ಣಿನ ಗೊಂಬೆ ಮಾಡಿ, ಅದಕ್ಕೆ ಒದ್ದೆ ಬಟ್ಟೆ ಉಡಿಸಿ, ನೆರಿಗೆ ಹೇಗೆ ಬೀಳುತ್ತದೆಂದು ನೋಡಿಕೊಂಡು ಬರೆಯುತ್ತಿದ್ದನಂತೆ. ಗೋಡೆಚಿತ್ರಕ್ಕೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಬಣ್ಣ ಹಿಡಿಯದು. ಆದ್ದರಿಂದ ಉಳಿದವರು ಒಂದು ದಿನಕ್ಕೆ ಆಗುವಷ್ಟೇ ಗಾರೆ ಹಚ್ಚಿ ಅವಸರದಲ್ಲಿ ಮುಗಿಸುತ್ತಿದ್ದರು. ಇವನು ಗಾರೆಯ ಮೇಲೆ ರಾತ್ರಿ ಒದ್ದೆ ಬಟ್ಟೆ ಹೊದಿಸಿ, ಅದು ಒಣಗದಂತೆ ಕಾದು, ಮರುದಿನ ಮುಂದುವರಿಸುತ್ತಿದ್ದ.

ಆ ನಿಧಾನದ ಫಲ ಅರೆಜ್ಜೊ ನಗರದ ಸಾನ್ ಫ್ರಾಂಚೆಸ್ಕೊ ಚರ್ಚಿನಲ್ಲಿದೆ. ಬಚ್ಚಿ ಎಂಬ ಮನೆತನದವರು ಆ ಗೋಡೆಗಳ ಕೆಲಸವನ್ನು ಮೊದಲು ಬೇರೊಬ್ಬ ಚಿತ್ರಕಾರನಿಗೆ ಕೊಟ್ಟಿದ್ದರು. ಅವನು 1452ರಲ್ಲಿ ತೀರಿಕೊಂಡ ಮೇಲೆ ಪಿಯೆರೊ ಕೈಗೆತ್ತಿಕೊಂಡು, 1466ರೊಳಗೆ ಮುಗಿಸಿದ. ಯೇಸುವಿನ ಶಿಲುಬೆಯ ಮರದ ಕಥೆಯನ್ನು ಆದಾಮನ ಸಾವಿನಿಂದ ಹಿಡಿದು ಮೂರು ಗೋಡೆಗಳ ತುಂಬ ಹೇಳುವ ಚಿತ್ರಮಾಲೆ ಅದು. ಅದರಲ್ಲಿ ಒಂದು ರಾತ್ರಿಯ ದೃಶ್ಯವಿದೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಡೇರೆಯಲ್ಲಿ ಮಲಗಿದ್ದಾನೆ, ಮೇಲಿನಿಂದ ದೇವದೂತ ಇಳಿಯುತ್ತಿದ್ದಾನೆ, ಅವನ ಬೆಳಕು ಡೇರೆಯ ಮೇಲೂ ಕಾವಲುಗಾರರ ಕವಚದ ಮೇಲೂ ಬಿದ್ದಿದೆ. ಗೋಡೆಯ ಮೇಲೆ ಕತ್ತಲೆಯನ್ನು ಹಾಗೆ ತೋರಿಸಿದವರು ಅದಕ್ಕೆ ಮೊದಲು ಇಟಲಿಯಲ್ಲಿ ವಿರಳ.

ನಡುವೆ ರಿಮಿನಿ, ರೋಮ್ ಎಂದು ಓಡಾಟ. ರೋಮಿನಲ್ಲಿ ಪೋಪ್‌ಗಾಗಿ ಬರೆದದ್ದು ಯಾವುದೂ ಉಳಿದಿಲ್ಲ. ಉರ್ಬಿನೊ ನಗರದ ದೊರೆ ಫೆಡೆರಿಗೊನ ಆಶ್ರಯದಲ್ಲಿ ಮಾಡಿದ ಕೆಲಸ ಹೆಚ್ಚು ಪ್ರಸಿದ್ಧ. ಫೆಡೆರಿಗೊ ಹುಟ್ಟು ಯೋಧ. ಪಂದ್ಯವೊಂದರಲ್ಲಿ ಬಲಗಣ್ಣನ್ನೂ ಮೂಗಿನ ಏಣನ್ನೂ ಕಳೆದುಕೊಂಡಿದ್ದ. ಪಿಯೆರೊ ಅವನ ಎಡಮಗ್ಗುಲ ಮುಖವನ್ನೇ ಬರೆದ. ಆದರೆ ಮೂಗಿನ ಆ ಹಳ್ಳವನ್ನಾಗಲಿ ಕೆನ್ನೆಯ ಗಂಟುಗಳನ್ನಾಗಲಿ ಮುಚ್ಚಲಿಲ್ಲ. ದೊರೆಯೂ ಬೇಸರಪಟ್ಟಂತಿಲ್ಲ. 1469ರಲ್ಲಿ ಉರ್ಬಿನೊಗೆ ಹೋದಾಗ ಪಿಯೆರೊ ಉಳಿದುಕೊಂಡದ್ದು ಜೊವಾನ್ನಿ ಸಾಂತಿ ಎಂಬ ಚಿತ್ರಕಾರನ ಮನೆಯಲ್ಲಿ. ಮುಂದೆ ಆ ಮನೆಯಲ್ಲಿ ಹುಟ್ಟಿದ ಮಗುವೇ ರಾಫೆಲ್.

ಇನ್ನು ಡ್ರಾಯಿಂಗ್ ಮೇಷ್ಟ್ರು ಹೇಳಿದ, ನಮ್ಮ ಪೈಕಿಯ ವಿಷಯ. ಪಿಯೆರೊ ಮೂರು ಪುಸ್ತಕ ಬರೆದಿದ್ದಾನೆ, ಮೂರೂ ಗಣಿತದವು. ಒಂದು ವ್ಯಾಪಾರಿ ಗಣಿತದ್ದು. ಅದರಲ್ಲಿ ಪೀಪಾಯಿಯ ಲೆಕ್ಕವಿದೆ. ಪೀಪಾಯಿ ಎರಡು ತುದಿಯಲ್ಲಿ ಕಿರಿದು, ಹೊಟ್ಟೆಯಲ್ಲಿ ದಪ್ಪ. ಅದರೊಳಗೆ ಎಷ್ಟು ದ್ರಾಕ್ಷಾರಸ ಹಿಡಿಯುತ್ತದೆಂದು ಹೊರಗಿನ ಅಳತೆಯಿಂದ ಹೇಳಬೇಕು. ಸಿಲಿಂಡರಿನ ಸೂತ್ರ ಹಾಕಿ ಮುಗಿಸಿಬಿಡುವ ನಮ್ಮ ಮಕ್ಕಳಿಗೆ ಇಂಥ ಲೆಕ್ಕ ಕೊಡಬೇಕಿತ್ತು ಎನಿಸಿತು. ಒಂಬತ್ತನೇ ತರಗತಿಯಲ್ಲಿ ಹೀರೋನ ಸೂತ್ರ ಕಲಿಸುತ್ತೇವೆ: ತ್ರಿಕೋನದ ಮೂರು ಬಾಹುಗಳು ಗೊತ್ತಿದ್ದರೆ ವಿಸ್ತೀರ್ಣ ಸಿಗುತ್ತದೆ. ಪಿಯೆರೊ ಅದನ್ನು ಒಂದು ಮೆಟ್ಟಿಲು ಮೇಲೆ ಒಯ್ದ. ನಾಲ್ಕು ತ್ರಿಕೋನಗಳಿಂದಾದ ಘನಾಕೃತಿಯ ಆರು ಅಂಚುಗಳ ಉದ್ದ ಗೊತ್ತಿದ್ದರೆ ಅದರ ಎತ್ತರವನ್ನೂ ಘನಫಲವನ್ನೂ ಕಂಡುಹಿಡಿಯುವ ದಾರಿ ತೋರಿಸಿದ. ಬೀಜಗಣಿತದ ಇಂದಿನ ಸಂಕೇತಗಳು ಆಗಿರಲಿಲ್ಲ. ಎಲ್ಲವನ್ನೂ ಮಾತಿನಲ್ಲಿ, ಒಂದೊಂದು ಸಂಖ್ಯೆ ಹಿಡಿದು ಬಿಡಿಸಬೇಕಿತ್ತು. ನಾನು ಆ ಲೆಕ್ಕವನ್ನು ನಮ್ಮ ವಿಧಾನದಲ್ಲಿ ಮಾಡಿ ನೋಡಿದೆ, ಎರಡು ಹಾಳೆ ಹಿಡಿಯಿತು.

ಎರಡನೆಯದು ಚಿತ್ರಕಾರರಿಗಾಗಿ ಬರೆದ ಪರ್ಸ್‌ಪೆಕ್ಟಿವ್ ಗ್ರಂಥ. ನೆಲದ ಚೌಕಗಳಿಂದ ಆರಂಭಿಸಿ, ಕಂಬ, ಬಾವಿ, ಕಮಾನು ಎಂದು ಹೋಗಿ, ಕೊನೆಗೆ ಮನುಷ್ಯನ ತಲೆಗೆ ಬರುತ್ತಾನೆ. ತಲೆಯನ್ನು ಬಿಲ್ಲೆ ಬಿಲ್ಲೆಯಾಗಿ ಅಡ್ಡಕ್ಕೆ ಕೊಯ್ದಂತೆ ಕಲ್ಪಿಸಿಕೊಂಡು, ಒಂದೊಂದರ ಅಂಚಿನ ಬಿಂದುಗಳಿಗೂ ಸಂಖ್ಯೆ ಕೊಟ್ಟು, ತಲೆ ಯಾವ ಕಡೆ ಬಾಗಿದರೆ ಯಾವ ಬಿಂದು ಎಲ್ಲಿ ಬೀಳುತ್ತದೆಂದು ಅಡಿಕೋಲಿನಲ್ಲಿ ಗುರುತಿಸುತ್ತಾನೆ. ಈಗ ಕಂಪ್ಯೂಟರಿನಲ್ಲಿ ಮುಖಗಳನ್ನು ತಿರುಗಿಸಿ ತೋರಿಸುವವರು ಮಾಡುವ ಕೆಲಸದ ಬೇರು ಇದೇ. ಮೂರನೆಯದು ಕ್ರಮಬದ್ಧ ಘನಾಕೃತಿಗಳು ಐದರ ಮೇಲೆ, 4, 6, 8, 12, 20 ಮುಖಗಳವು. ಹತ್ತನೇ ತರಗತಿಯ ಹಳೆಯ ಪಠ್ಯದಲ್ಲಿ ಇವುಗಳ ಪಾಠವಿತ್ತು. ಹೆಸರು, ಮುಖ, ಶೃಂಗ, ಅಂಚು ಎಂದು ನಾಲ್ಕು ಕಾಲಮ್ಮಿನ ಕೋಷ್ಟಕ ಬರೆಸಿ ಮುಗಿಸುತ್ತಿದ್ದೆ. ಅವುಗಳನ್ನು ಕಾಗದದಲ್ಲಿ ಮಾಡಿಸೋಣ, ನನ್ನ ಪೀರಿಯಡ್ಡಿನಲ್ಲೇ ಮಾಡಿಸುತ್ತೇನೆ ಎಂದು ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಕೇಳಿದ್ದರು. ಕೇಳಿದ್ದು ಜನವರಿಯಲ್ಲಿ. ಆಗ ಅವರ ಪೀರಿಯಡ್ಡೇ ಅವರ ಬಳಿ ಇರಲಿಲ್ಲ.

ಈಗ ಆ ಕಾರ್ಡಿನ ಚಿತ್ರಕ್ಕೆ ಬರುತ್ತೇನೆ. ಅದನ್ನು ಪಿಯೆರೊ ಬರೆದದ್ದು ಬಾಳಿನ ಕೊನೆಯ ಭಾಗದಲ್ಲಿ, 1470ರ ದಶಕದಲ್ಲಿ ಅಥವಾ 80ರ ಮೊದಲ ವರ್ಷಗಳಲ್ಲಿ. ಪಾಪ್ಲರ್ ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಎತ್ತರ 124 ಸೆಂಟಿಮೀಟರ್, ಅಗಲ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆ, ಹೆಚ್ಚುಕಡಿಮೆ ಚೌಕ. ಯೌವನದಲ್ಲಿ ಅವನು ಬಳಸಿದ್ದು ಮೊಟ್ಟೆಯ ಲೋಳೆಯಲ್ಲಿ ಕಲಸಿದ ಬಣ್ಣ. ಎಣ್ಣೆಬಣ್ಣ ಉತ್ತರದ ಫ್ಲಾಂಡರ್ಸ್ ನಾಡಿನ ಕಲೆ. ತಲೆ ನರೆತ ಮೇಲೆ ಅದನ್ನೂ ಪಳಗಿಸಿಕೊಂಡಿದ್ದ.

ಚಿತ್ರದಲ್ಲಿ ಸಿಂಹಾಸನವಿಲ್ಲ, ಚಿನ್ನದ ಹಿನ್ನೆಲೆಯಿಲ್ಲ. ಒಂದು ಹಾಳುಬಿದ್ದ ಕಲ್ಲುಗೋಡೆ, ಅದಕ್ಕೆ ಇಳಿಬಿಟ್ಟ ಮಾಡು, ಮಾಡಿನ ಮೇಲೆ ಹುಲ್ಲು ಬೆಳೆದಿದೆ. ನೋಡಿದರೆ ಮಳೆಗಾಲಕ್ಕೆ ಸೋರುವುದು ಖಂಡಿತ. ಅದರ ಮುಂದೆ ಬರಿ ನೆಲದಲ್ಲಿ ಮೇರಿ ಮಂಡಿಯೂರಿ ಕೈಮುಗಿದಿದ್ದಾಳೆ. ಮಗು ತೊಟ್ಟಿಲಲ್ಲೂ ಇಲ್ಲ, ಗೋದಲಿಯ ಹುಲ್ಲಿನ ಮೇಲೂ ಇಲ್ಲ. ತಾಯಿಯ ನೀಲಿ ಹೊದಿಕೆಯ ಸೆರಗು ನೆಲದ ಮೇಲೆ ಹರಡಿದೆಯಲ್ಲ, ಅದರ ಮೇಲೆ ಮಲಗಿ ತಾಯಿಯ ಕಡೆ ಕೈ ಚಾಚಿದೆ. ಸ್ವೀಡನ್ ದೇಶದ ಬ್ರಿಜಿಟ್ ಎಂಬ ಸಂತಳಿಗೆ ಕಂಡ ದರ್ಶನದಲ್ಲಿ ಹೀಗೆ ತಾಯಿ ಮಂಡಿಯೂರಿದ್ದಳಂತೆ, ಮಗು ನೆಲದ ಮೇಲಿತ್ತಂತೆ. ಆ ಕಾಲದ ಚಿತ್ರಕಾರರೆಲ್ಲ ಅದನ್ನು ಬಲ್ಲವರೇ. ಆದರೆ ಹೊದಿಕೆಯ ಆ ತುದಿಯನ್ನು ನೋಡಿದಾಗ ನನಗೆ ನೆನಪಾಗುವುದು ಗದ್ದೆಯ ಬದುವಿನಲ್ಲಿ ಸೀರೆ ಹಾಸಿ ಮಗುವನ್ನು ಮಲಗಿಸುವ ನಮ್ಮ ಊರಿನ ಹೆಂಗಸರು.

ಮಗುವಿನ ಹಿಂದೆ ಐವರು ದೇವದೂತರು ನಿಂತು ಹಾಡುತ್ತಿದ್ದಾರೆ, ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದಾರೆ. ರೆಕ್ಕೆಗಳಿಲ್ಲ. ಊರಿನ ಮಕ್ಕಳು ಶಾಲಾ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಹಾಡಲು ನಿಂತ ಹಾಗಿದೆ. ಅವರ ಹಿಂದೆ ಒಂದು ಎತ್ತು, ಒಂದು ಕತ್ತೆ. ಎತ್ತು ಗಂಭೀರವಾಗಿ ಕೆಳಗೆ ನೋಡುತ್ತಿದೆ. ಕತ್ತೆ ಮಾತ್ರ ತಲೆಯೆತ್ತಿ ಬಾಯಿ ತೆರೆದಿದೆ, ಅದೂ ಹಾಡಿಗೆ ದನಿಗೂಡಿಸುತ್ತಿದೆಯೋ ಏನೋ. ಪೂಜೆಯ ಚಿತ್ರದಲ್ಲಿ ಇಷ್ಟು ತುಂಟತನ ಮಾಡುವ ಧೈರ್ಯ ಅವನಿಗಿತ್ತು. ಮಾಡಿನ ಮೇಲೆ ಮ್ಯಾಗ್‌ಪೈ ಎಂಬ ಹಕ್ಕಿ. ಕಾಗೆಯ ಬಳಗದ್ದು, ಗಲಾಟೆಗೆ ಹೆಸರಾದದ್ದು, ಇಲ್ಲಿ ಸುಮ್ಮನೆ ಕುಳಿತಿದೆ. ಬಲಕ್ಕೆ ಜೋಸೆಫ್ ಕತ್ತೆಯ ಜೀನಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಅಂಗಾಲು ನಮಗೆ ಕಾಣುವಂತೆ ಕುಳಿತಿದ್ದಾನೆ. ದೂರದಿಂದ ನಡೆದು ಬಂದವನ ದಣಿವು ಅವನ ಕೂರುವಿಕೆಯಲ್ಲೇ ಇದೆ. ಅವನ ಹಿಂದೆ ಆ ಇಬ್ಬರು ಕುರಿ ಕಾಯುವವರು. ಒಬ್ಬ ಬೆರಳೆತ್ತಿ ಆಕಾಶ ತೋರಿಸುತ್ತಿದ್ದಾನೆ. ಎಡಕ್ಕೆ ನದಿ ಬಳುಕುವ ಕಣಿವೆ, ಬಲಕ್ಕೆ ಗೋಪುರಗಳಿರುವ ಊರು. ಅದು ಬೆತ್ಲೆಹೇಮ್ ಅಲ್ಲ. ಅವನ ಮನೆಯ ಸುತ್ತಿನ ಟೈಬರ್ ಕಣಿವೆ, ಅವನದೇ ಸಾನ್‌ಸೆಪೊಲ್ಕ್ರೊ.

ಅವನು ಈ ಹಲಗೆಯನ್ನು ಯಾವ ದೊರೆಗೂ ಮಾರಲಿಲ್ಲ. ಅದು ಮನೆಯಲ್ಲೇ ಉಳಿಯಿತು, ಅವನ ನಂತರ ಸೋದರನ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ 19ನೇ ಶತಮಾನದವರೆಗೂ ಇತ್ತು.

1482ರಲ್ಲಿ ಅವನು ರಿಮಿನಿಯಲ್ಲಿ ತೋಟವೂ ಬಾವಿಯೂ ಇದ್ದ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದ. 1487ರ ಜುಲೈ 5ರಂದು ಊರಿನಲ್ಲಿ ಉಯಿಲು ಬರೆಸಿದ. ಮನಸ್ಸು, ಬುದ್ಧಿ, ದೇಹ ಮೂರೂ ಸ್ವಸ್ಥವೆಂದು ಅದರಲ್ಲಿದೆ. ಮದುವೆಯಾಗಿರಲಿಲ್ಲ. ಘನಾಕೃತಿಗಳ ಪುಸ್ತಕವನ್ನು ಫೆಡೆರಿಗೊನ ಮಗನಿಗೆ ಅರ್ಪಿಸುತ್ತ, ಅರಮನೆಯ ಗ್ರಂಥಾಲಯದಲ್ಲಿ ತನ್ನ ಪರ್ಸ್‌ಪೆಕ್ಟಿವ್ ಪುಸ್ತಕದ ಪಕ್ಕದಲ್ಲಿ ಇದಕ್ಕೂ ಜಾಗ ಸಿಗಲೆಂದು ಕೇಳಿಕೊಂಡಿದ್ದಾನೆ. ಆರ್ಕಿಮಿಡೀಸನ ಗ್ರಂಥಗಳನ್ನು ಅವನು ಸ್ವಂತ ಕೈಯಲ್ಲಿ ಪ್ರತಿ ಮಾಡಿ, ಚಿತ್ರಗಳನ್ನು ಬರೆದುಕೊಂಡ ಹಸ್ತಪ್ರತಿಯೂ ಫ್ಲಾರೆನ್ಸಿನ ಗ್ರಂಥಾಲಯದಲ್ಲಿ ಸಿಕ್ಕಿದೆ.

ಆಮೇಲೆ ಕಣ್ಣು ಹೋಯಿತು. ಇದನ್ನು ವಸಾರಿ ಹೇಳುತ್ತಾನೆ. ಅವನ ಎಲ್ಲ ಮಾತನ್ನು ನಂಬಲಾಗದಾದರೂ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. 1556ರಲ್ಲಿ ಆ ಊರಿನ ಮಾರ್ಕೊ ದಿ ಲೊಂಗಾರೊ ಎಂಬ ಮುದುಕನೊಬ್ಬ, ತಾನು ಚಿಕ್ಕವನಿದ್ದಾಗ ಕಣ್ಣು ಕಾಣದ ಪಿಯೆರೊ ಮೇಷ್ಟ್ರನ್ನು ಕೈಹಿಡಿದು ಬೀದಿಯಲ್ಲಿ ನಡೆಸುತ್ತಿದ್ದೆನೆಂದು ನೆನೆದುಕೊಂಡದ್ದನ್ನು ಒಬ್ಬರು ಬರೆದಿಟ್ಟಿದ್ದಾರೆ. ಆ ಮಾರ್ಕೊನ ಕಸುಬು ಲಾಟೀನು ಮಾಡುವುದು. ಇದು ಕಥೆಗಾರರು ಕಟ್ಟಿದ್ದಲ್ಲ, ದಾಖಲೆಯಲ್ಲಿರುವುದು.

ಪಿಯೆರೊ ಸತ್ತದ್ದು 1492ರ ಅಕ್ಟೋಬರ್ 12ರಂದು. ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಆ ತಾರೀಕು ಬಾಯಿಪಾಠ: ಕೊಲಂಬಸ್ ಅಮೆರಿಕದ ದ್ವೀಪದಲ್ಲಿ ಕಾಲಿಟ್ಟ ದಿನ.

ಅವನ ಗಣಿತಕ್ಕೆ ಆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿ ಶಮನವಾಗದು. ಅದೇ ಊರಿನಲ್ಲಿ ಲೂಕಾ ಪಾಚೊಲಿ ಎಂಬ ಸನ್ಯಾಸಿ ಹುಟ್ಟಿದ್ದ. ಜಮಾ ಖರ್ಚಿನ ದ್ವಿನಮೂದು ಪದ್ಧತಿಯನ್ನು ಮೊದಲು ಅಚ್ಚುಹಾಕಿಸಿದವನೆಂದು ಕಾಮರ್ಸ್ ಓದಿದವರಿಗೆ ಗೊತ್ತು. 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ಪಿಯೆರೊನ ವ್ಯಾಪಾರಿ ಗಣಿತದ ಎಷ್ಟೋ ಲೆಕ್ಕಗಳು ಸೇರಿಕೊಂಡವು. 1509ರಲ್ಲಿ ಅವನ ಇನ್ನೊಂದು ಪುಸ್ತಕ ಬಂತು, ಘನಾಕೃತಿಗಳ ಚಿತ್ರಗಳನ್ನು ಬರೆದುಕೊಟ್ಟವನು ಸಾಕ್ಷಾತ್ ಲಿಯೊನಾರ್ಡೊ ಡ ವಿಂಚಿ. ಅದರ ಮೂರನೆಯ ಭಾಗ ಪಿಯೆರೊನ ಪುಸ್ತಕದ ಇಟಾಲಿಯನ್ ಅನುವಾದ. ಮೂಲ ಲೇಖಕನ ಹೆಸರು ಹಾಕಲಿಲ್ಲ. ಚಿತ್ರಕಾರನೆಂದು ಪಿಯೆರೊನನ್ನು ಬಾಯ್ತುಂಬ ಹೊಗಳಿದ್ದ ಪಾಚೊಲಿ ಗಣಿತಜ್ಞನೆಂದು ಅವನ ಪಾಲನ್ನು ಕೊಡಲಿಲ್ಲ. 1550ರಲ್ಲೇ ವಸಾರಿ ಇದನ್ನು ಕಳ್ಳತನವೆಂದು ಬರೆದ. ಆಗಿನ ಕಾಲದಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರೆಂದು ಪಾಚೊಲಿಯ ಪರ ವಾದಿಸುವವರಿದ್ದಾರೆ. ಇರಬಹುದು. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗರೂ ನನ್ನ ಮುಂದೆ ಅದೇ ವಾದ ಹೂಡಿದ್ದಾರೆ.

ಮುಂದಿನ ಮುನ್ನೂರು ವರ್ಷ ಹೊರಗಿನ ಜಗತ್ತು ಪಿಯೆರೊನನ್ನು ಹೆಚ್ಚುಕಡಿಮೆ ಮರೆಯಿತು. ಮೈಕೆಲೆಂಜೆಲೊನ ಆವೇಶ, ರಾಫೆಲ್‌ನ ಮಾಧುರ್ಯ ಕಂಡ ಕಣ್ಣುಗಳಿಗೆ ಇವನ ಅಲುಗದ, ಅಳದ, ನಗದ ಮನುಷ್ಯರು ಮರದ ಗೊಂಬೆಗಳಂತೆ ಕಂಡಿರಬೇಕು. 1874ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಈ ಜನನದ ಚಿತ್ರವನ್ನು ಕೊಂಡಿತು. 20ನೇ ಶತಮಾನಕ್ಕೆ ಬರುವ ಹೊತ್ತಿಗೆ ರುಚಿ ಬದಲಾಗಿತ್ತು. ಅವನ ಊರಿನ ಪುರಭವನದ ಗೋಡೆಯಲ್ಲಿ ಯೇಸುವಿನ ಪುನರುತ್ಥಾನದ ಚಿತ್ರವಿದೆ, ಅದೂ ಪಿಯೆರೊನದೇ. ಜಗತ್ತಿನ ಅತ್ಯುತ್ತಮ ಚಿತ್ರ ಅದೇ ಎಂದು ಆಲ್ಡಸ್ ಹಕ್ಸ್‌ಲಿ ಒಂದು ಪ್ರಬಂಧ ಬರೆದಿದ್ದ. 1944ರಲ್ಲಿ ಬ್ರಿಟಿಷ್ ಫಿರಂಗಿದಳದ ಟೋನಿ ಕ್ಲಾರ್ಕ್ ಎಂಬ ಯುವ ಅಧಿಕಾರಿ ಸಾನ್‌ಸೆಪೊಲ್ಕ್ರೊದ ಮೇಲೆ ಗುಂಡು ಹಾರಿಸುತ್ತಿದ್ದಾಗ ಆ ಊರಿನ ಹೆಸರನ್ನು ಎಲ್ಲೋ ಓದಿದ್ದೇನಲ್ಲ ಎಂದು ತಲೆ ಕೆರೆದುಕೊಂಡ. ಪ್ರಬಂಧ ನೆನಪಾಯಿತು. ಫಿರಂಗಿ ನಿಲ್ಲಿಸಿದ. ಶತ್ರುಗಳು ಆಗಲೇ ಹೊರಟುಹೋಗಿದ್ದರು, ಊರೂ ಉಳಿಯಿತು, ಗೋಡೆಯೂ ಉಳಿಯಿತು. ಅಲ್ಲಿ ಒಂದು ಬೀದಿಗೆ ಅವನ ಹೆಸರಿಟ್ಟಿದ್ದಾರೆ.

ಲಂಡನ್ನಿನ ಹಲಗೆಗೆ ಅಂಥ ಅದೃಷ್ಟವಿರಲಿಲ್ಲ. ಹಿಂದಿನ ಕಾಲದಲ್ಲಿ ಅದನ್ನು ಶುಚಿ ಮಾಡಹೋದವರು ಕೊಳೆಯ ಜೊತೆ ಬಣ್ಣವನ್ನೂ ಉಜ್ಜಿ ತೆಗೆದಿದ್ದರು. ಹೆಚ್ಚು ಪೆಟ್ಟು ಬಿದ್ದದ್ದು ಕುರಿ ಕಾಯುವವರ ಮುಖಗಳಿಗೆ. ಮೇಲಿನ ಬಣ್ಣ ಹೋಗಿ ತಳದ ಕಂದು ಮಾತ್ರ ಉಳಿದಿತ್ತು. ಅದನ್ನು ಕಂಡ ಎಷ್ಟೋ ವಿದ್ವಾಂಸರು ಬಹಳ ಕಾಲ, ಮುದುಕನಿಗೆ ಕಣ್ಣು ಮಂಜಾಗಿ ಕೆಲಸ ಮುಗಿಸಲಾಗಲಿಲ್ಲವೇನೋ ಎಂದುಕೊಂಡಿದ್ದರು. ಗ್ಯಾಲರಿಯವರು ಕೆಲವು ವರ್ಷ ಅದನ್ನು ಕೆಳಗಿಳಿಸಿ, ಪದರ ಪದರವಾಗಿ ಪರೀಕ್ಷಿಸಿ, ದುರಸ್ತಿ ಮಾಡಿ, 2022ರ ಡಿಸೆಂಬರಿನಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಪಿಯೆರೊ ಚಿತ್ರವನ್ನು ಮುಗಿಸಿದ್ದ, ಹಾಳಾದದ್ದು ಆಮೇಲೆ ಎಂಬುದು ಈಗ ಅವರ ನಿಲುವು. ಮಾಸಿದ ಮುಖಗಳಿಗೆ ಅಲ್ಪಸ್ವಲ್ಪ ಬಣ್ಣ ತುಂಬಿ ಕಣ್ಣು ಮೂಗು ಕಾಣುವಂತೆ ಮಾಡಿದ್ದಾರೆ. ಅಷ್ಟು ಮಾಡಬೇಕಿತ್ತೇ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಹೊಸ ಮುಖಗಳು ನನಗೂ ಅಷ್ಟಾಗಿ ಹಿಡಿಸಲಿಲ್ಲ.

ಆ ಸುದ್ದಿ ಓದುವ ಹೊತ್ತಿಗೆ ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡು ಆರು ವರ್ಷವಾಗಿತ್ತು. ಅಂಚೆಯಲ್ಲಿ ಬಂದ ಒಂದು ಕಾರ್ಡನ್ನು, ಭೂತಗನ್ನಡಿಯಷ್ಟೇ ಸಹಾಯವಾಗಿ, ಸ್ಟಾಫ್ ರೂಮಿನಲ್ಲಿ ಕುಳಿತು ನೋಡಿ ಅವರು ಹೇಳಿದ್ದ ಮಾತು ಅದು. ಹಕ್ಕಿಯನ್ನು ಹಾಗೆ ಬರೆದವನು ಮುಖವನ್ನು ಬಿಡುವವನಲ್ಲ.

ಕಾರ್ಡನ್ನು ತೆಗೆದು ಇನ್ನೊಮ್ಮೆ ನೋಡಿದೆ. ಮಾಡಿನ ತೊಲೆಗಳ ಉದ್ದಕ್ಕೆ, ಗೋಡೆಯ ಕಲ್ಲುಗಳ ಸಾಲಿಗೆ, ಪೆನ್ಸಿಲಿನಲ್ಲಿ ಎಳೆದ ಕೂದಲೆಳೆಯಷ್ಟು ತೆಳುವಾದ ಗೆರೆಗಳಿದ್ದವು. ಅವು ಎಲ್ಲಿ ಕೂಡುತ್ತವೆಂದು ಅವರು ಹುಡುಕಿದ್ದರು. ನಾನು ಅಡಿಕೋಲು ತಂದು, ಅವರು ಬಿಟ್ಟಲ್ಲಿಂದ ಒಂದೆರಡು ಗೆರೆ ಮುಂದುವರಿಸಿದೆ. ಸಾಯಂಕಾಲವಾಗುತ್ತ ಬಂದಿತ್ತು, ದೀಪ ಹಾಕಿಕೊಳ್ಳಬೇಕಾಯಿತು.

ಚಿತ್ರದ ದೊಡ್ಡ ಪ್ರತಿಯೊಂದನ್ನು ಕಟ್ಟು ಹಾಕಿಸಿ ಈ ಮಹೋತ್ಸವಕ್ಕೆ ಶಾಲೆಗೆ ಕೊಡುತ್ತಿದ್ದೇನೆ. ಹಳೆಯ, ಮುಖ ಅಳಿಸಿದ ಚಿತ್ರದ ಪ್ರತಿಯದು. ಡ್ರಾಯಿಂಗ್ ಕೊಠಡಿಯಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಕಾರ್ಡು ನನ್ನ ಮೇಜಿನ ಗಾಜಿನ ಕೆಳಗಿದೆ.